ನಯನಾಳ ಖಾತೆಯ ದುಡ್ಡು ತೆಗೆದವರು ಯಾರು?

ಶನಿವಾರ ಮಧ್ಯಾಹ್ನ. ಆಲೂರಿನ ಎಟಿಎಂ ಒಳಗೆ ನಯನಾ ನಿಂತಿದ್ದಳು. ಪರದೆಯ ಮೇಲೆ ಬಂದ ಅಂಕಿಯನ್ನು ಓದಿದಳು. ಕಾರ್ಡು ತೆಗೆದು, ಮತ್ತೆ ಹಾಕಿ, ಇನ್ನೊಮ್ಮೆ ಓದಿದಳು. ಅದೇ ಅಂಕಿ. ಸಾವಿರದ ಏಳುನೂರ ಅರವತ್ತೆರಡು ರೂಪಾಯಿ.

ಇರಬೇಕಾಗಿದ್ದದ್ದು ಮೂರು ಸಾವಿರದ ಮುನ್ನೂರ ಐವತ್ತು. ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಸಂಬಳ ಹನ್ನೊಂದು ಸಾವಿರದ ಎಂಟುನೂರು. ಅದರಲ್ಲಿ ಮನೆ ಖರ್ಚಿಗೆ ತೆಗೆದದ್ದು ಏಳು ಸಾವಿರ. ಫೋನಿನ ಕಂತು ಸಾವಿರದ ನಾನೂರ ಐವತ್ತು. ಮಿಕ್ಕ ದುಡ್ಡಿನಲ್ಲಿ ಮಗಳ ಶಾಲೆ ವ್ಯಾನಿಗೆ ಮೂರು ಸಾವಿರ ಮುಂಗಡ ಕೊಡಬೇಕಿತ್ತು.

ಏಪ್ರಿಲ್‌ನಲ್ಲೂ ಹೀಗೇ ಕಡಿಮೆ ಬಂದಿತ್ತು. ಆಗ ತನ್ನ ಎಣಿಕೆಯೇ ತಪ್ಪಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಈ ಸಲ ತಪ್ಪಿರಲಿಲ್ಲ. ಹಾಗಾದರೆ ದುಡ್ಡು ಹೋಯಿತೆಲ್ಲಿಗೆ?

ನಯನಾ ಆಲೂರು ಹತ್ತಿರದ ಮಗ್ಗೆ ಊರಿನವಳು. ವಯಸ್ಸು ಇಪ್ಪತ್ತಾರು. ಮಗಳು ಹಂಸಾ ಒಂದನೇ ಕ್ಲಾಸಿಗೆ ಸೇರಿದ್ದಾಳೆ. ಮಗ ಚಂದನ್‌ಗೆ ಒಂದು ವರ್ಷ ತುಂಬಿ ಎರಡು ತಿಂಗಳು. ಗಂಡ ಜಯಕುಮಾರ್ ಸಕಲೇಶಪುರದ ಕಡೆಯ ಎಸ್ಟೇಟೊಂದರಲ್ಲಿ ಪಂಪು, ಮೋಟಾರು ರಿಪೇರಿ ಮಾಡುತ್ತಾನೆ. ಅತ್ತೆ ಮಾರಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ನಯನಾ ದುಡಿಯುವುದು ಹಾಸನದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದರೆ ಅಡುಗೆ, ಡಬ್ಬಿ, ಮಗಳ ಜಡೆ, ಮಗನ ಸ್ನಾನ. ಆರೂವರೆಗೆ ಚಂದನ್‌ನನ್ನು ಎದುರು ಮನೆಯ ಶೀಲಕ್ಕನ ಕೈಗೆ ಕೊಟ್ಟು ಕಂಪನಿ ವ್ಯಾನಿಗೆ ಓಡಬೇಕು. ದುಡ್ಡಿನ ಯೋಚನೆ ಮಾಡಲು ಅವಳಿಗೆ ಸಿಗುವುದು ವ್ಯಾನಿನಲ್ಲಿ ಕೂತ ಹೊತ್ತು ಮಾತ್ರ. ಅಲ್ಲೂ ನಿದ್ದೆ ಬಂದುಬಿಡುತ್ತದೆ.

ಮನೆಗೆ ಬಂದವಳೇ ಗಂಡನನ್ನು ಕೇಳಿದಳು.

"ರೀ, ನನ್ ಕಾರ್ಡಿಂದ ದುಡ್ಡೇನಾದ್ರೂ ತೆಗ್ದಿದ್ರಾ?"

ಜಯಕುಮಾರ್ ಬೈಕ್ ತೊಳೆಯುತ್ತಿದ್ದ. ತಲೆ ಎತ್ತಿದ.

"ನಾನ್ಯಾಕ್ ತೆಗೀಲಿ? ನಿನ್ ಕಾರ್ಡು ನಾನು ಮುಟ್ಟಿದ್ದೇ ಇಲ್ಲ. ಕುಂದೂರಲ್ಲಿ ನಿಮ್ಮಮ್ಮಂಗೆ ಏನಾದ್ರೂ ಕಳಿಸಿದ್ದೀಯಾ, ನೆನಪು ಮಾಡ್ಕೊ."

"ಕಳಿಸಿದ್ರೆ ಹೇಳ್ದೆ ಕಳಿಸ್ತೀನಾ?"

"ಮತ್ತೆ ನಾನು ಕೇಳ್ದೆ ತೆಗೀತೀನಾ?"

ಒಳಗಿನಿಂದ ಮಾರಮ್ಮ ಬಂದರು. "ಅದುಕ್ಕೇ ನಾ ಬಡ್ಕಂಡಿದ್ದು. ಬ್ಯಾಂಕ್‌ನಾಗೆ ಹಾಕಿದ್ ದುಡ್ಡು ಕಣ್ಣಿಗ್ ಕಾಣಕಿಲ್ಲ, ಕೈಗ್ ಸಿಗಕಿಲ್ಲ. ಟ್ರಂಕ್‌ನಾಗೆ ಇಟ್ರೆ ಬೀಗ ಹಾಕಿ ಮಲಗ್‌ಬೋದು." ಆಮೇಲೆ ಸ್ವರ ತಗ್ಗಿಸಿದರು. "ಅಲ್ಲ ಕಣವ್ವಾ, ಆ ಕಾರ್ಡು ಶೀಲನ ಕೈಲಿತ್ತಲ್ಲ ಒಂದ್ಸಲ?"

ಇತ್ತು. ಏಪ್ರಿಲ್‌ನಲ್ಲಿ ಚಂದನ್‌ಗೆ ಜ್ವರ ಏರಿ ಮೈ ಕೆಂಡವಾಗಿತ್ತು. ನಯನಾ ಫ್ಯಾಕ್ಟರಿಯೊಳಗಿದ್ದಳು. ಅಲ್ಲಿಗೆ ಫೋನು ಒಯ್ಯುವಂತಿಲ್ಲ. ಆಪತ್ತಿಗೆ ಇರಲಿ ಎಂದು ಕಾರ್ಡನ್ನೂ ಪಿನ್ ನಂಬರನ್ನೂ ಅವತ್ತು ಬೆಳಿಗ್ಗೆಯೇ ಅವಳೇ ಶೀಲಕ್ಕನಿಗೆ ಕೊಟ್ಟಿದ್ದಳು. ಶೀಲಕ್ಕ ಆಟೋ ಮಾಡಿಕೊಂಡು ಮಗುವನ್ನು ಆಲೂರಿಗೆ ಒಯ್ದು, ಸಾವಿರ ರೂಪಾಯಿ ತೆಗೆದು, ಔಷಧಿ ಕೊಡಿಸಿ ತಂದಿದ್ದಳು. ಸಂಜೆ ಕಾರ್ಡು, ಚೀಟಿ ಹಿಂದಿರುಗಿಸಿ, ಮಿಕ್ಕ ಚಿಲ್ಲರೆಯನ್ನೂ ಎಣಿಸಿ ಕೊಟ್ಟಿದ್ದಳು.

"ಸುಮ್ನಿರಿ ಅತ್ತೆ, ಅವರು ಅಂಥೋರಲ್ಲ," ಎಂದಳು ನಯನಾ.

ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ. ಭಾನುವಾರವಿಡೀ ಬಟ್ಟೆ ಒಗೆಯುವಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ. ಗಂಡನಲ್ಲ, ತಾನಲ್ಲ, ಅತ್ತೆಗೆ ಎಟಿಎಂ ಬಳಸಲು ಬರುವುದಿಲ್ಲ. ಹಾಗಾದರೆ ಯಾರು? ಏಪ್ರಿಲ್‌ನಲ್ಲೇ ಕಡಿಮೆ ಬಂದದ್ದು. ಏಪ್ರಿಲ್‌ನಲ್ಲೇ ಕಾರ್ಡು ಕೊಟ್ಟದ್ದು. ಛೇ, ಹಾಗಿರಲಾರದು. ಆದರೆ ಹಾಗಿದ್ದರೆ?

ಸೋಮವಾರ ಬೆಳಿಗ್ಗೆ ಮಗುವನ್ನು ಕೊಡುವಾಗ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು.

"ಶೀಲಕ್ಕ, ಅವತ್ತು ಜ್ವರ ಬಂದಾಗ... ಕಾರ್ಡಿಂದ ಎಷ್ಟು ತೆಗ್ದಿದ್ರಿ?"

"ಸಾವ್ರ. ಯಾಕೆ?"

"ಏನಿಲ್ಲ. ಒಂದೇ ಸಲ ಅಲ್ವಾ ತೆಗ್ದಿದ್ದು?"

ಶೀಲಕ್ಕ ಅವಳನ್ನೇ ನೋಡಿದಳು. ನಲವತ್ತು ದಾಟಿದ ಹೆಂಗಸು. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಸಣ್ಣ ಮಾತಿಗೂ ನಗುವವಳು. ಅವತ್ತು ನಗಲಿಲ್ಲ. ಚಂದನ್‌ನನ್ನು ಮೆಲ್ಲಗೆ ನಯನಾಳ ತೋಳಿಗೆ ವಾಪಸ್ ಕೊಟ್ಟಳು.

"ಇಂಥಾ ಮಾತು ಬಂದ್ಮ್ಯಾಲೆ ನಿನ್ ಮಗೀನ ನಾನ್ ಇಟ್ಕಳಾಕಾಗಲ್ಲ ನಯನಾ. ನಾಳೆ ಬಟ್ಲು ಕಾಣಲ್ಲ ಅಂದ್ರೆ ಅದ್ಕೂ ನಾನೇ ಆಯ್ತೀನಿ. ಬೇರೆ ಯಾರ್ನಾದ್ರೂ ನೋಡ್ಕೊ."

ಬಾಗಿಲು ಹಾಕಿಕೊಂಡಿತು. ಅತ್ತ ಕಂಪನಿ ವ್ಯಾನು ಎರಡು ಸಲ ಹಾರ್ನ್ ಮಾಡಿ ಹೊರಟುಹೋಯಿತು.

ಮಗುವನ್ನು ನೋಡಿಕೊಳ್ಳುವವರು ಯಾರೂ ಸಿಗಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ನಯನಾ ಕೆಲಸಕ್ಕೆ ಹೋಗಲಿಲ್ಲ. ಮೂರು ದಿನದ ಸಂಬಳ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಇನ್ನೊಂದು ವಾರ ಹೀಗಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಫೋನಿನಲ್ಲಿ ಹೇಳಿದರು.

ಬುಧವಾರ ಮಹಿಳಾ ಸಂಘದ ಸಭೆಯಿತ್ತು. ಆಲೂರಿನಿಂದ ರುಬೀನಾ ಬಂದಿದ್ದಳು. ಅವಳು ಬ್ಯಾಂಕ್ ಸಖಿ. ಊರೂರಿಗೆ ಹೋಗಿ ಹೆಂಗಸರ ಖಾತೆಯ ಕೆಲಸ ಮಾಡಿಕೊಡುವವಳು. ಮೂಲೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಯನಾಳನ್ನು ಸಭೆ ಮುಗಿದ ಮೇಲೆ ಮಾತಾಡಿಸಿದಳು.

"ಯಾಕೆ ನಯನಾ, ಡ್ಯೂಟಿಗೆ ಹೋಗಿಲ್ವಾ?"

ನಯನಾ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಅತ್ತಳು. "ಯಾರ್ನ ನಂಬ್ಬೇಕು, ಯಾರ್ನ ಬಿಡ್ಬೇಕು, ಏನೂ ತಿಳೀತಿಲ್ಲ ರುಬೀನಕ್ಕ. ತಲೆನೇ ಓಡ್ತಿಲ್ಲ."

"ಪಾಸ್‌ಬುಕ್ ಎಂಟ್ರಿ ಹಾಕ್ಸಿದ್ಯಾ?"

"ಎಲ್ಲಿ ಟೈಮು ಅಕ್ಕಾ?"

"ದುಡ್ಡು ಹೋದಾಗ್ಲೆಲ್ಲ ಫೋನಿಗೆ ಮೆಸೇಜ್ ಬಂದಿರ್ತೈತಲ್ಲ?"

ಬಂದಿರುತ್ತದೆ. ಆದರೆ ದಿನಕ್ಕೆ ಇಪ್ಪತ್ತು ಮೆಸೇಜು. ರೀಚಾರ್ಜು, ಲೋನು, ಬಹುಮಾನ, ಎಲ್ಲವೂ ಇಂಗ್ಲಿಷಿನಲ್ಲಿ. ನಯನಾ ಅವನ್ನು ತೆರೆಯುವುದನ್ನೇ ಬಿಟ್ಟಿದ್ದಳು.

"ಮನುಷ್ಯರ ಮೇಲೆ ಅನುಮಾನ ಪಡೋಕೆ ಮೊದ್ಲು ಪುಸ್ತಕ ಕೇಳ್ಬೇಕು ಕಣೇ," ಎಂದಳು ರುಬೀನಾ. "ನಾಳೆ ಹತ್ತು ಗಂಟೆಗೆ ಬ್ಯಾಂಕಿಗೆ ಬಾ. ಪಾಸ್‌ಬುಕ್ಕು, ಫೋನು, ಎರಡೂ ತಗಂಡ್ ಬಾ."

ಗುರುವಾರ ಮಾರಮ್ಮ ತಾನೂ ಬರುತ್ತೇನೆಂದು ಹೊರಟರು. ಬ್ಯಾಂಕಿನವರು ಏನು ಹೇಳುತ್ತಾರೋ ಕಿವಿಯಾರೆ ಕೇಳಬೇಕಂತೆ. ಹದಿನಾಲ್ಕು ತಿಂಗಳಿಂದ ಎಂಟ್ರಿ ಹಾಕಿಸದ ಪಾಸ್‌ಬುಕ್ಕು. ಮಿಷನ್ನು ಪುಟದ ಮೇಲೆ ಪುಟ ಅಚ್ಚು ಹಾಕಿತು. ಮೂವರೂ ಬೆಂಚಿನ ಮೇಲೆ ಕೂತರು. ರುಬೀನಾ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದಿದಳು.

"ಇಲ್ನೋಡು, ಏಪ್ರಿಲ್ ಹದಿನಾರು. ಎಟಿಎಂನಿಂದ ಸಾವಿರ. ಇದು ಶೀಲಕ್ಕ ತೆಗ್ದಿದ್ದು. ಆ ತಿಂಗಳು ಎಟಿಎಂದು ಇನ್ನೊಂದೇ ಸಾಲು, ನೀನು ಮನೆಗೆ ಅಂತ ತೆಗ್ದ ಏಳು ಸಾವಿರ. ಅಷ್ಟೇ."

ನಯನಾ ಆ ಸಾಲನ್ನು ನೋಡುತ್ತಲೇ ಇದ್ದಳು. ಮಾರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹಂಗಾರೆ ಮಿಕ್ಕಿದ್ದೆಲ್ಲ ಯಾರ್ ತಗಂಡ್ರವ್ವಾ?"

"ತಾಳಿ ಅಜ್ಜಿ. ಇದು ನೋಡಿ, ಐನೂರ ತೊಂಬತ್ತು. ಇದು ಬ್ಯಾಂಕಿನ ದಂಡ. ನಯನಾ, ನಿನ್ ಫೋನ್ ಕಂತು ಯಾವ ತಾರೀಕು?"

"ಎರಡನೇ ತಾರೀಕು."

"ಸಂಬಳ?"

"ಮೊದ್ಲು ಒಂದಕ್ಕೇ ಆಗ್ತಿತ್ತು. ಫೆಬ್ರವರಿಯಿಂದ ಏಳಕ್ಕೆ..." ನಯನಾಳ ಮಾತು ಅಲ್ಲೇ ನಿಂತಿತು.

"ಅಲ್ಲೇ ಐತೆ ನೋಡು. ಎರಡನೇ ತಾರೀಕು ಕಂತಿನವ್ರು ಖಾತೇಲಿ ದುಡ್ಡು ಕೇಳ್ತಾರೆ. ಖಾತೆ ಖಾಲಿ. ಅದ್ಕೆ ಬ್ಯಾಂಕಿನ ದಂಡ ಐನೂರ ತೊಂಬತ್ತು, ಸಾಲ ಕೊಟ್ಟೋರ ದಂಡ ಐನೂರು. ಏಳಕ್ಕೆ ಸಂಬಳ ಬಿದ್ದ ಕೂಡ್ಲೇ ಎಲ್ಲಾ ಕತ್ತರಿಸ್ಕೊಂಡ್ ಹೋಗೈತೆ. ಫೆಬ್ರವರಿಯಿಂದ ಐದು ಸಲ."

ಐದು ಸಲಕ್ಕೆ ಐದು ಸಾವಿರದ ನಾನೂರ ಐವತ್ತು ರೂಪಾಯಿ. ಕಂತಿನ ದುಡ್ಡಲ್ಲ, ಬರೀ ದಂಡ.

"ಇನ್ನೊಂದು. ಪ್ರತಿ ತಿಂಗಳು ಇನ್ನೂರ ತೊಂಬತ್ತೊಂಬತ್ತು. ಹನ್ನೊಂದು ತಿಂಗಳಿಂದ ಹೋಗ್ತೈತೆ. ಫೋನ್ ಕೊಡಿಲ್ಲಿ."

ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪ್ ತೆರೆದು, 'ಆಟೋಪೇ' ಎಂಬ ಕಡೆ ಒತ್ತಿ ತೋರಿಸಿದಳು. ಅಲ್ಲಿ ಮಕ್ಕಳ ಹಾಡಿನ ಆ್ಯಪ್ ಒಂದರ ಹೆಸರಿತ್ತು. ನಯನಾಳಿಗೆ ನೆನಪಾಯಿತು. ಆಗ ಚಂದನ್‌ಗೆ ಮೂರು ತಿಂಗಳು. ಅವನಿಗೆ ಹಾಲು ಕೊಡುವಾಗ ಹಂಸಾ ಹಟ ಮಾಡುತ್ತಿದ್ದಳು. ಏಳು ದಿನ ಪುಕ್ಕಟೆ ಎಂದು ಬಂದಿತ್ತು. ಪಿನ್ ಕೇಳಿತು. ಒಂದೇ ಕೈಯಲ್ಲಿ ಒತ್ತಿದ್ದಳು. ಹಂಸಾ ಆ ಹಾಡುಗಳನ್ನು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಏಳು ದಿನ ಪುಕ್ಕಟೆ. ಎಂಟನೇ ದಿನದಿಂದ ನೀನು ಹೇಳ್ದೆನೇ ಹೋಗ್ತೈತೆ. ಯಾಕಂದ್ರೆ ಅವತ್ತೇ ಪಿನ್ ಒತ್ತಿ ಒಪ್ಪಿಗೆ ಕೊಟ್ಟಿದ್ದೀಯ."

ಅದರ ಕೆಳಗೆ ಇನ್ನೊಂದು ಹೆಸರು. ತಿಂಗಳಿಗೆ ನೂರ ತೊಂಬತ್ತೊಂಬತ್ತು, ಮೂರು ತಿಂಗಳಿಂದ. ಇದು ಏನೆಂದು ನಯನಾಳಿಗೂ ತಿಳಿಯಲಿಲ್ಲ. ಗಂಡನಿಗೆ ಫೋನ್ ಮಾಡಿದಳು. ಆ ಹೆಸರನ್ನು ಓದಿ ಹೇಳಿದಳು.

"ಅದು... ಕ್ರಿಕೆಟ್ ಮ್ಯಾಚ್ ನೋಡಾಕೆ ಕಣೇ. ನಿನ್ ಫೋನಲ್ಲಿ ಹಾಕಿದ್ದೆ. ಒಂದೇ ಸಲ ಹೋಗದು ಅಂದ್ಕೊಂಡೆ."

"ನಿಮ್ಮನ್ನ ಕೇಳಿದಾಗ ಮುಟ್ಟೇ ಇಲ್ಲ ಅಂದ್ರಿ."

"ಕಾರ್ಡು ಮುಟ್ಟಿಲ್ಲ ಅಂದೆ. ಇದು ನೆನಪೇ ಇರ್ಲಿಲ್ಲ ಮಾರಾಯ್ತಿ."

ಎಲ್ಲ ಕೂಡಿಸಿದರೆ ಒಂಬತ್ತು ಸಾವಿರದ ಮುನ್ನೂರ ಮೂವತ್ತಾರು ರೂಪಾಯಿ. ಕಳ್ಳ ಯಾರೂ ಇರಲಿಲ್ಲ. ಮೂರು ಕಡೆಯಿಂದಲೂ ಇವರೇ ಬಾಗಿಲು ತೆರೆದಿಟ್ಟು ಮರೆತಿದ್ದರು.

ವರ್ಷಕ್ಕೊಮ್ಮೆ ಇಪ್ಪತ್ತು ರೂಪಾಯಿ ಹೋಗಿದ್ದ ಸಾಲೂ ಇತ್ತು. "ಇದ್ನೂ ನಿಲ್ಸವ್ವಾ," ಎಂದರು ಮಾರಮ್ಮ.

"ಇದು ಬೇಡ ಅಜ್ಜಿ. ಇದು ಅಪಘಾತ ವಿಮೆ. ಇದು ಇರ್ಲಿ. ಹೋಗೋದೆಲ್ಲ ನಷ್ಟ ಅಲ್ಲ, ಗೊತ್ತಿಲ್ದೆ ಹೋಗೋದು ನಷ್ಟ."

ಎರಡೂ ಆಟೋಪೇಗಳನ್ನು ಅಲ್ಲೇ ರದ್ದು ಮಾಡಿದರು. ಕಂತಿನ ಕಂಪನಿಗೆ ಫೋನ್ ಮಾಡಿ ತಾರೀಕನ್ನು ಹತ್ತಕ್ಕೆ ಬದಲಿಸಲು ಕೇಳಿದರು. ಎರಡು ಸಲ ಫೋನ್ ಮಾಡಿದ ಮೇಲೆ ಕಂಪನಿಯವರು ಒಪ್ಪಿದರು. ದಂಡ ವಾಪಸ್ ಕೊಡಿ ಎಂದು ಬ್ಯಾಂಕಿಗೆ ಅರ್ಜಿ ಬರೆದರು. ಕೊನೆಗೆ ಒಂದು ತಿಂಗಳದ್ದು ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಶಾಲೆ ವ್ಯಾನಿನವನು ಮುಂದಿನ ಸಂಬಳದವರೆಗೆ ಕಾಯಲು ಒಪ್ಪಿದ.

"ಈಗ ಒಂದು ಹಾಳೆ ತಗೋ," ಎಂದಳು ರುಬೀನಾ. "ಸಂಬಳ ಬಂದ್ ದಿನ ಯಾವ್ಯಾವ್ದಕ್ಕೆ ಎಷ್ಟು, ಬರೀ. ಪ್ರತಿ ತಿಂಗ್ಳೂ ಬರೀ. ಹತ್ತು ನಿಮಿಷ ಸಾಕು."

ನಯನಾ ಬರೆದಳು. ಮನೆ ಖರ್ಚು. ಫೋನ್ ಕಂತು. ಶಾಲೆ ವ್ಯಾನು ತಿಂಗಳಿಗೆ ಸಾವಿರದ ಐನೂರು. ಉಳಿದದ್ದು ಸಾವಿರದ ಎಂಟುನೂರ ಐವತ್ತು.

"ಅಷ್ಟೇನಾ? ನೀನು ಫ್ಯಾಕ್ಟರಿಗೆ ಹೋಗ್ಬೇಕು ಅಂದ್ರೆ ಇನ್ನೇನೇನು ಬೇಕು?"

ನಯನಾ ಯೋಚಿಸಿದಳು. ಅವಳ ಮುಖ ಕೆಂಪಾಯಿತು. ಶೀಲಕ್ಕನ ಹೆಸರು ಹಾಳೆಯಲ್ಲಿ ಇರಲಿಲ್ಲ. ಹಬ್ಬಕ್ಕೊಂದು ಸೀರೆ, ಆಗಾಗ ಒಂದು ಹಿಡಿ ಕೋಸಂಬರಿ, ಅಷ್ಟೇ ಕೊಟ್ಟಿದ್ದು. ಹನ್ನೊಂದು ತಿಂಗಳು ಯಾರೋ ಗುರುತಿಲ್ಲದವರಿಗೆ ತಪ್ಪದೆ ಇನ್ನೂರ ತೊಂಬತ್ತೊಂಬತ್ತು ಕೊಟ್ಟಿದ್ದಳು. ದಿನವಿಡೀ ಮಗುವನ್ನು ಎತ್ತಿಕೊಂಡವಳಿಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಮೇಲಿಂದ ಆ ಮಾತು ಬೇರೆ ಕೇಳಿದ್ದಳು.

'ಶೀಲಕ್ಕ' ಎಂದು ಬರೆದು, ಮುಂದೆ 'ಸಾವಿರ' ಎಂದು ಹಾಕಿದಳು.

ಮಾರಮ್ಮ ಹಾಳೆಯನ್ನೇ ನೋಡುತ್ತಿದ್ದರು. "ಅದ್ರ ಪಕ್ಕ ಇನ್ನೂ ಐನೂರು ಬರಿ. ನನ್ ಗೃಹಲಕ್ಷ್ಮಿ ದುಡ್ಡು ಬಂದ್ ತಿಂಗ್ಳು ನಾ ಕೊಡ್ತೀನಿ. ಅವ್ಳ ಹೆಸ್ರು ಎತ್ತಿದ್ದು ನಾನೇಯ."

ಸಂಜೆ ಅತ್ತೆ ಸೊಸೆ ಇಬ್ಬರೂ ಮಗುವನ್ನೆತ್ತಿಕೊಂಡು ಎದುರು ಮನೆಗೆ ಹೋದರು. ಶೀಲಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಏಳಲಿಲ್ಲ.

"ತಪ್ಪಾಯ್ತು ಶೀಲಕ್ಕ. ಪಾಸ್‌ಬುಕ್ ನೋಡ್ದೆ ನಿಮ್ಮನ್ನ ಕೇಳ್ಬುಟ್ಟೆ." ನಯನಾ ನಡೆದದ್ದನ್ನೆಲ್ಲ ಹೇಳಿದಳು. ತಿಂಗಳಿಗೆ ಕೊಡಬೇಕೆಂದಿರುವ ದುಡ್ಡಿನ ಮಾತನ್ನೂ ಹೇಳಿದಳು.

"ದುಡ್ ಕೊಟ್ರೆ ಆಡಿದ್ ಮಾತು ವಾಪಸ್ ಹೋಯ್ತದಾ?" ಎಂದಳು ಶೀಲಕ್ಕ.

"ಇಲ್ಲ ಅಕ್ಕ. ಅದಕ್ಕಲ್ಲ. ಇದು ಮೊದ್ಲೇ ಕೊಡ್ಬೇಕಿತ್ತು."

ಶೀಲಕ್ಕ ಸೂಜಿಯಿಂದ ದಾರ ಬಿಡಿಸಿದಳು. ಚಂದನ್ ಅಜ್ಜಿಯ ತೋಳಿನಿಂದ ಜಾರಿ ಅವಳ ಕಡೆ ಕೈ ಚಾಚಿದ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎತ್ತಿಕೊಂಡಳು.

"ನಾಳೆ ಆರೂವರೆಗೆ ಕರ್ಕಂಡ್ ಬಾ," ಎಂದಳು. "ಕಾರ್ಡು ಮಾತ್ರ ತರ್ಬ್ಯಾಡ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಪಾಸ್‌ಬುಕ್ಕಿಗೆ ಕೊನೆಯ ಸಲ ಎಂಟ್ರಿ ಹಾಕಿಸಿದ್ದು ಯಾವಾಗ? ನೆನಪಿಲ್ಲವಾದರೆ ಈ ವಾರವೇ ಹೋಗಿ. ಅರ್ಥವಾಗದ ಸಾಲು ಕಂಡರೆ ನಾಚಿಕೆಪಡಬೇಡಿ; ಬ್ಯಾಂಕಿನವರನ್ನೋ ನಿಮ್ಮ ಸಂಘದ ಬ್ಯಾಂಕ್ ಸಖಿಯನ್ನೋ ಕೇಳಿ. ಪುಕ್ಕಟೆ ಎನ್ನುವ ಕಡೆ ಪಿನ್ ಕೇಳಿದರೆ ಕೈ ಹಿಂದೆ ತೆಗೆಯಿರಿ. ಫೋನಿನ ಆಟೋಪೇಯಲ್ಲಿ ಏನೇನಿದೆ ನೋಡಿ, ಬೇಡದ್ದನ್ನು ನಿಲ್ಲಿಸಿ. ಕಂತಿನ ತಾರೀಕು ಸಂಬಳದ ತಾರೀಕಿನ ನಂತರ ಬರುವಂತೆ ಮಾಡಿಸಿಕೊಳ್ಳಿ. ನಿಮ್ಮ ಪಿನ್ ನಿಮ್ಮಲ್ಲೇ ಇರಲಿ; ಆಪತ್ತಿಗೆಂದು ಒಂದಿಷ್ಟು ನಗದನ್ನು ಮನೆಯಲ್ಲಿಡಿ. ಮನೆಯವರೆಲ್ಲ ಕೂತು ತಿಂಗಳ ಹಾಳೆ ಬರೆಯಿರಿ. ಬರೆಯುವಾಗ, ನೀವು ದುಡಿಯಲು ಹೋದಾಗ ನಿಮ್ಮ ಮಗುವನ್ನು ನೋಡಿಕೊಳ್ಳುವವರ ಹೆಸರು ಅದರಲ್ಲಿದೆಯೇ, ಒಮ್ಮೆ ನೋಡಿ.