ಹನಿಯಮ್ಮ

ಲಾರಿ ಡ್ರೈವರ್ ಎಸೆದ ಎರಡನೇ ಕಲ್ಲು ಹೆಣಕ್ಕೆ ಹೆಗಲು ಕೊಟ್ಟಿದ್ದ ಕಂಪೌಂಡರನ ಹಣೆ ಸೀಳಿತು.

"ನನ್ನ ಮಗು ಕೊಂದೋಳು! ಇವಳಿಗೆ ನಾಲ್ಕು ಜನರ ಹೆಗಲು ಬೇರೆ ಕೇಡು!"

ಸತ್ತ ನರ್ಸಿನ ಮಗಳು ನುಗ್ಗಿ ಅವನ ಕೊರಳಪಟ್ಟಿ ಹಿಡಿದಳು. ಅವನು ಗೋಡೆಗೆ ತಳ್ಳಿದ. ಅವಳ ತುಟಿ ಒಡೆಯಿತು. ಹನ್ನೆರಡು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವನು ಹೆಣ ಕಂಡರೂ ತಣ್ಣಗಾಗಲಿಲ್ಲ. ಅವನ ಬಾಯಿ ಮುಚ್ಚಿಸುವ ಮಾತು ಮಗಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆಡುವುದಿಲ್ಲವೆಂದು ಅಮ್ಮನಿಗೆ ಆಣೆ ಇಟ್ಟಿದ್ದಳು.

*

ಮಕ್ಕಳ ವಾರ್ಡಿನಲ್ಲಿ ಆಕೆಗೆ ಹನಿಯಮ್ಮ ಎಂದೇ ಹೆಸರು. ಡ್ರಿಪ್ಪಿನ ಹನಿ ಎಣಿಸಿ ಎಣಿಸಿ, ಮನೆಯ ನಲ್ಲಿ ಸೋರಿದರೂ ಗಡಿಯಾರ ನೋಡುತ್ತಾಳೆಂದು ಎಲ್ಲರೂ ನಗುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಮಲೇರಿಯಾ ಮಿದುಳಿಗೇರಿದ ಡ್ರೈವರನ ಮಗು ಬಂದಾಗ, "ತೂಗೋಕೆ ಇದೇನು ತರಕಾರೀನಾ?" ಎಂದು ತಂದೆ ಕೂಗಾಡಿದರೂ ಬಿಡದೆ ತೂಗಿದಳು. ಎಂಟು ಕಿಲೋ. ಅಷ್ಟಕ್ಕೆ ತಕ್ಕ ಕ್ವಿನೈನನ್ನು ಬಾಟಲಿಗೆ ಬೆರೆಸಿ, ಅವನು ಹೊರಗೆ ಹೋಗಿದ್ದಾಗ ತಾಯಿಗೆ ಹೇಳಿದಳು: "ನಾಲ್ಕು ಗಂಟೆ ಹಿಡಿಯುತ್ತೆ ಕಣಮ್ಮ. ಹನಿ ಜೋರು-ನಿಧಾನ ಮಾಡೋ ಈ ಕೊಳವೆ ಚಕ್ರ ಮಾತ್ರ ಮುಟ್ಬೇಡಿ. ಔಷಧಿ ಜೋರಾಗಿ ಹೋದ್ರೆ ಎದೆ ನಿಂತ್ಹೋಗುತ್ತೆ."

ಆಚೆ ಮಂಚದ ಮಗುವಿಗೆ ಫಿಟ್ಸ್ ಬಂತು, ಓಡಿದಳು. ತಿರುಗಿ ಬರುವಷ್ಟರಲ್ಲಿ ಚಕ್ರ ಪೂರ್ತಿ ತೆರೆದಿತ್ತು, ಬಾಟಲಿ ಖಾಲಿ, ಮಗುವಿನ ತುಟಿ ನೀಲಿ. ತಾಯಿ ಬಟ್ಟೆ ತರಲು ಹೋಗಿದ್ದಳು. ಮಂಚದ ಬಳಿ ಇದ್ದವನು ತಂದೆಯೊಬ್ಬನೇ. ಅವನು ನರ್ಸಿನ ತಲೆಯನ್ನು ಮಂಚದ ಕಬ್ಬಿಣಕ್ಕೆ ಚಚ್ಚಿದ. ಒಂದು ಕಿವಿ ಅಂದೇ ಹೋಯಿತು. ವಿಚಾರಣೆಯಲ್ಲಿ "ನನ್ನ ಕೈ ತಪ್ಪಿತು" ಎಂದಳು, ಕೆಲಸವೂ ಹೋಯಿತು.

"ಕೂಸು ಕಳ್ಕೊಂಡಿದ್ದಾನೆ. ಇದನ್ನೂ ಹೊರಿಸಿದ್ರೆ ನೇಣು ಹಾಕ್ಕೋತಾನೆ ಕಣೇ," ಎಂದಿದ್ದಳು ಮಗಳಿಗೆ.

*

"ಮಗು ಸಾಯ್ತಿದೆ, ಇವಳದ್ದು ತೊಟ್ಟು ತೊಟ್ಟು!" ಡ್ರೈವರ್ ಸೇರಿದವರಿಗೆಲ್ಲ ಕೂಗಿ ಹೇಳುತ್ತಿದ್ದ. "ಕೊನೆಗೆ ನಾನೇ ಚಕ್ರ ತಿರುಗಿಸಿ ಔಷಧಿ ಓಡಿಸ್ದೆ. ಅಷ್ಟ್ರಲ್ಲಿ ತಡ ಆಗೋಗಿತ್ತು!" ಹೆಬ್ಬೆರಳು ಆಡಿಸಿ ತೋರಿಸಿದ.

ಅವನನ್ನು ಹಿಂದಕ್ಕೆಳೆಯುತ್ತಿದ್ದ ಹೆಂಡತಿಯ ಕೈ ಸಡಿಲವಾಯಿತು.

"ಚಕ್ರ ತಿರುಗಿಸಿದ್ರಾ? ಪೂರ್ತಿ?"

"ಹೂಂ, ಪೂರ್ತಿ. ಇನ್ನೇನ್ ಮಾಡ್ಬೇಕಿತ್ತು?"

ನರ್ಸಿನ ಮಗಳು ಅಡ್ಡಬಾಯಿ ಹಾಕಿದಳು. "ಈಗ್ಯಾಕೆ ಅದೆಲ್ಲ, ಬನ್ನಿ ಅಕ್ಕಾ..."

"ಮುಟ್ಬೇಡಿ ಅಂದಿದ್ರು," ಎಂದಳು ಹೆಂಡತಿ. "ನಂಗೆ ಹೇಳಿದ್ರು. ಎದೆ ನಿಲ್ಲುತ್ತೆ ಅಂದಿದ್ರು. ನೀನು ತಿರುಗಿಸ್ದೆಯೇನೋ?"

ಅವನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬಗ್ಗಿಸಿದಳು. ಲಟಕ್ಕೆಂದಿತು. ಅವನು ಮಂಡಿಯೂರಿ ಚೀರಿದ. ಮಗಳು ಓಡಿಬಂದು, ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಅವರಿಗೆ ಗೊತ್ತಿರ್ಲಿಲ್ಲ ಅಕ್ಕಾ. ಬಿಡಿ, ದಮ್ಮಯ್ಯ."

ಒಂದು ಬೆರಳು ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು.