ಬಾವಿಗೆ ಬಿಟ್ಟ ಉಸಿರು

ಅಗೆಯುವ ಯಂತ್ರದ ಹಲ್ಲಿಗೆ ಚಪ್ಪಡಿ ತಗುಲಿದ ಸದ್ದು ಮಿಸಾವೊಳ ಕಿವಿಗೆ ಬೀಳುವ ಮೊದಲೇ ಎದೆಗೆ ಬಿತ್ತು. ಚಪ್ಪಡಿ ಸರಿಸಿದರು. ಕೆಳಗೆ ಕತ್ತಲೆ, ಕತ್ತಲೆಯ ತಳದಲ್ಲಿ ಬೊಗಸೆಯಷ್ಟು ಆಕಾಶ.

"ಮೇಡಂ, ಬಾವಿ ಇಲ್ಲಿದೆಯಲ್ಲ," ಎಂದ ಗುತ್ತಿಗೆದಾರ ಇವಾಕುರಾ. "ನಕ್ಷೆಯಲ್ಲಿ ಕಾಕಿ ಹಣ್ಣಿನ ಮರದ ಆಚೆ ತೋರಿಸಿದ್ದೀರಿ. ರಾತ್ರೋರಾತ್ರಿ ಕಾಲು ಬಂತೋ ಏನೋ ಇದಕ್ಕೆ."

ಮಿಸಾವೊ ಮನೆಗಳ ನಕ್ಷೆ ಬರೆಯುವವಳು. ತ್ಸುಯಾಮಾ ಊರಲ್ಲಿ ಅವಳು ಗೆರೆ ಎಳೆಯದ ಬೀದಿಯಿಲ್ಲ. ಪಕ್ಕದ ಗೋಡೆಯನ್ನೂ ಎರಡು ಸಲ ಅಳೆಯುವವಳು ಈ ಬಾವಿಯನ್ನು ಮಾತ್ರ ಅಳೆದಿರಲಿಲ್ಲ. ಅಳೆಯುವುದೇನು, ಅವಳು ಹುಟ್ಟಿದ್ದೇ ಈ ನೆಲದಲ್ಲಿ. ಅಮ್ಮ ತೀರಿಕೊಂಡ ಮೇಲೆ ಜಾಗ ಕೈಬಿಟ್ಟುಹೋಯಿತು, ಮನೆ ಬಿತ್ತು, ಹುಲ್ಲು ಬೆಳೆಯಿತು. ಕೊಂಡುಕೊಂಡ ಎಳೆಯ ದಂಪತಿ ಏನೂ ತಿಳಿಯದೆ ಹೊಸ ಮನೆಯ ನಕ್ಷೆಗೆ ಅವಳನ್ನೇ ಹುಡುಕಿಕೊಂಡು ಬಂದಾಗ ಅವಳು ಬಾಯಿ ಬಿಡಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಮರದ ಚಪ್ಪಲಿ ಮೆಟ್ಟಿ ತಟತಟ ನಡೆದುಹೋಗುತ್ತಿದ್ದಾಗ ಬಾವಿ ಬಹಳ ದೂರವಿತ್ತು. ಆ ದೂರವನ್ನೇ ಕಾಗದಕ್ಕೆ ಇಳಿಸಿದ್ದಳು. ಮಗುವಿನ ಹೆಜ್ಜೆಯಲ್ಲಿ ಅಳೆದ ನಕ್ಷೆ ಅದು.

"ಸಂಜೆಯೊಳಗೆ ಮರಳು ತುಂಬಿಸಿಬಿಡ್ತೀನಿ. ನಾಳೆ ಕಾಂಕ್ರೀಟ್ ಗಾಡಿ ಬರುತ್ತೆ," ಎಂದ ಇವಾಕುರಾ.

"ಬಿದಿರು?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಬಾವಿ ಮುಚ್ಚುವವರು ಟೊಳ್ಳು ಬಿದಿರೊಂದನ್ನು ನೆಡುತ್ತಾರೆ. ಅದರ ಬಾಯಿ ಬಯಲಿಗೆ ತೆರೆದಿರಬೇಕು, ಇಲ್ಲದಿದ್ದರೆ ನೀರಿನ ದೇವರಿಗೆ ಉಸಿರಿಲ್ಲ.

"ಅದು ಬರೋದು ಸರಿಯಾಗಿ ಅಡುಗೆಮನೆ ನಡುವಿಗೆ. ದೇವರು ಸಾರಿನ ಹಬೆ ಕುಡ್ಕೊಂಡಿರಬೇಕಷ್ಟೆ," ಎಂದು ನಕ್ಕವನು ದನಿ ತಗ್ಗಿಸಿದ. "ನಮ್ಮಜ್ಜಿ ಇದ್ದಿದ್ರೆ ನನ್ನ ಕೈ ಮುರೀತಿದ್ಲು. ಆದ್ರೆ ಕೆಲಸ ನಿಲ್ಸಿದ್ರೆ ಮನೆಯವರಿಗೆ ಕಾರಣ ಹೇಳ್ಬೇಕಾಗುತ್ತೆ. ಹೂಂ ಅಂದ್ಬಿಡಿ, ಯಾರಿಗೂ ಗೊತ್ತಾಗಲ್ಲ."

ಅವನು ಊಟದ ಡಬ್ಬಿ ಹಿಡಿದು ಲಾರಿಯ ನೆರಳಿಗೆ ಹೋದ. ಮಿಸಾವೊ ಬಾವಿಯಂಚಿಗೆ ಮೊಣಕಾಲೂರಿದಳು. ಹೊಸ ವರ್ಷದ ಬೆಳಗ್ಗೆ ಮೊದಲ ನೀರು ಸೇದುವಾಗ ಅಮ್ಮ ಮಂತ್ರ ಹೇಳುತ್ತಿದ್ದಳು. ಆಮೇಲೆ, "ಬಾವಿಗೂ ಮೂಗಿದೆ ಕಣೇ, ಒತ್ತಿ ಹಿಡೀಬೇಡ," ಎನ್ನುತ್ತಿದ್ದಳು.

"ಮಿಸಾ," ಎಂದಳು ಒಳಗೆ ಬಾಗಿ, ಅಮ್ಮ ಕರೆಯುತ್ತಿದ್ದ ಹಾಗೆ.

ಸಾ... ಎಂದಿತು ಬಾವಿ. ಹಾಗೆ ಕರೆಯುವವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

ಎದ್ದು, ಮಣ್ಣು ಕೊಡವಿಕೊಂಡು, ಮನೆಯೊಡತಿ ಕಾನಾಯೆಗೆ ಫೋನು ಮಾಡಿದಳು.

ಕಾನಾಯೆ ಸೈಕಲ್ಲಲ್ಲಿ ಬಂದಳು. ಬಾವಿ ನೋಡಿದಳು, ನಕ್ಷೆ ನೋಡಿದಳು.

"ತಪ್ಪು ನನ್ನದು," ಎಂದಳು ಮಿಸಾವೊ.

"ಅದಿರಲಿ. ಬಾವಿ ಇದೆ ಅಂತ ಮಾರಿದವರೇ ನಮಗೆ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತು ಮೇಡಂ?"

"ನಾನು ಹುಟ್ಟಿದ್ದು ಇಲ್ಲೇ."

ಕಾಕಿ ಮರದಿಂದ ಹಣ್ಣೊಂದು ಹುಲ್ಲಿಗೆ ಬಿತ್ತು. ಕಾನಾಯೆ ಆ ಕಡೆಗೇ ನೋಡುತ್ತ ಕೇಳಿದಳು: "ಹಾಗಾದ್ರೆ ಉತ್ತರದ ಕಿಟಕಿ? ಬಿಸಿಲು ಬರಲ್ಲ, ಚಳಿ ಹೊಡೆಯುತ್ತೆ, ಬೇಡ ಬೇಡ ಅಂತ ಬಡ್ಕೊಂಡೆ. ಗಾಳಿಗೆ ಬೇಕು ಅಂದ್ರಿ."

"ಹಳೇ ಮನೇಲಿ ಅಂಥದ್ದೊಂದಿತ್ತು. ಅಮ್ಮ ನೀರು ಸೇದೋದು ಕಾಣ್ತಿತ್ತು."

"ಯಾರ ಮನೆ ಕಟ್ತಿದ್ದೀರಿ ನೀವು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸ ಕೈತಪ್ಪಿದರೆ ಈ ನೆಲಕ್ಕೆ ಕಾಲಿಡಲು ಮತ್ತೆ ನೆಪವಿಲ್ಲ ಎಂದು ಮಿಸಾವೊಗೆ ಗೊತ್ತಿತ್ತು. ಪೆನ್ಸಿಲ್ ತೆಗೆದು, ನಕ್ಷೆಯನ್ನು ಲಾರಿಯ ಬಾನೆಟ್ಟಿನ ಮೇಲೆ ಹರಡಿ, ಅಡುಗೆಮನೆಯನ್ನು ದಕ್ಷಿಣಕ್ಕೆ ಎಳೆದಳು.

"ಹೀಗೆ ಸರಿಸಿದ್ರೆ ಬಾವಿ ಹೊರಗುಳಿಯುತ್ತೆ, ಸೂರಿನಂಚಿಗೆ. ಬಿದಿರು ನೆಡಬಹುದು. ಉತ್ತರದ ಗೋಡೆಗೆ ಕಪಾಟು ಬರುತ್ತೆ."

"ಕಿಟಕಿ?"

"ಇರಲ್ಲ." ಅದರ ಮೇಲೆ ಗೆರೆ ಹೊಡೆದಳು. "ಇನ್ನೊಬ್ಬರ ಹತ್ತಿರ ಕೆಲಸ ಮಾಡಿಸ್ಕೊಳ್ತೀನಿ ಅಂದ್ರೂ ತೊಂದರೆಯಿಲ್ಲ. ಬಾವಿಗೆ ಮಾತ್ರ ಉಸಿರಾಡೋಕೆ ಬಿಡಿ."

ಕಾನಾಯೆ ನಕ್ಷೆಯನ್ನು ಮಡಚಿ ಅವಳ ಕೈಗಿಟ್ಟಳು.

"ಹೊಸ ನಕ್ಷೆ ಬರ್ಕೊಂಡು ಬನ್ನಿ. ಈ ಸಲ ನನ್ನ ಹೆಜ್ಜೆಯಲ್ಲಿ ಅಳೀರಿ," ಎಂದು ಹೇಳಿ, ಸ್ಟ್ಯಾಂಡು ಹಾಕಿದ ಸೈಕಲ್ಲಿನಿಂದ ಬಾವಿಯವರೆಗೆ ತಾನೇ ನಡೆದು ತೋರಿಸಿದಳು. ಮಿಸಾವೊ ಟೇಪು ಹಿಡಿದು ಅವಳ ಹಿಂದೆ ಹೋದಳು. ಎಷ್ಟು ಹತ್ತಿರವಿತ್ತು.

ಪೂಜಾರಿ ಬಂದು ಅಕ್ಕಿ, ಉಪ್ಪು, ಮದ್ಯ ಇಟ್ಟು ಬೇಡಿಕೊಂಡ. ಬಿದಿರನ್ನು ಇವಾಕುರಾ ತನ್ನ ಕೈಯಾರೆ ನೆಟ್ಟ. ಸುತ್ತ ಮರಳು ಸುರಿಯಿತು.

ಚಳಿ ಕಚ್ಚತೊಡಗಿದಾಗ ಮನೆ ಮುಗಿಯಿತು. ಬೀಗದ ಕೈ ಒಪ್ಪಿಸಿ, ಚಹಾ ಕುಡಿದು, ಚಪ್ಪಲಿ ಮೆಟ್ಟಿ ಹೊರಬಿದ್ದ ಮಿಸಾವೊ ಗೇಟಿಗೆ ಹೋಗದೆ ಮನೆಯ ಹಿಂಬದಿಗೆ ತಿರುಗಿದಳು. ಸೂರಿನ ನೆರಳಲ್ಲಿ ಬಿದಿರು ಮೊಣಕಾಲೆತ್ತರ ನಿಂತಿತ್ತು. ಬಾಗಿ, ಅದರ ಬಾಯಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ, "ಮಿಸಾ," ಎಂದಳು.

ಮರಳು ತುಂಬಿದ ಬಾವಿ ಏನನ್ನೂ ಹಿಂತಿರುಗಿಸಲಿಲ್ಲ. ತಣ್ಣನೆಯದೊಂದು ಉಸಿರು ಮಾತ್ರ ಕೆನ್ನೆಗೆ ತಾಗಿತು.

ಕಿಟಕಿಯಿಲ್ಲದ ಗೋಡೆಯಾಚೆಯಿಂದ ಕಾನಾಯೆ ಕೇಳಿದಳು, "ಮೇಡಂ, ಇನ್ನೂ ಇದ್ದೀರಾ? ಯಾರ ಹತ್ತಿರ ಮಾತಾಡ್ತಿದ್ದೀರಿ?"

"ಯಾರೂ ಇಲ್ಲ ಕಣಮ್ಮ," ಎಂದಳು ಮಿಸಾವೊ. "ಉಸಿರಾಡ್ತಿದೆಯಾ ಅಂತ ನೋಡ್ದೆ." ಶಾಲು ಹೊದ್ದು ರೈಲು ನಿಲ್ದಾಣದ ದಾರಿ ಹಿಡಿದಳು.