ಅಡ್ಡಕ್ಕೆ ಕೊಯ್ದ ಕಡಲಸೌತೆ

"ಛೀ, ಅತ್ತೆ! ಕೈಮೇಲೇ ಉಗೀತು ಇದು!"

ಲೋಸಾ ಕಡಲಸೌತೆಯನ್ನು, ಸೌತೆಕಾಯಿಯಂಥ ಆ ಮೆತ್ತನೆಯ ಕಡಲಪ್ರಾಣಿಯನ್ನು, ಎಸೆದು ಕೈ ಕೊಡವಿದಳು. ಬೆರಳ ಸಂದಿಯಲ್ಲೆಲ್ಲ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಲುಂಗಿಗೆ ಒರೆಸಿದರೆ ಲುಂಗಿಗೂ ಹತ್ತಿದವು.

"ಅದು ತಿನ್ನೋ ಜಾತಿಯಲ್ಲ ಕಣೇ, ಪೇಟೆಯವಳೇ," ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಅತ್ತೆ ಫುವಾತಿನೊ ನಕ್ಕಳು. "ಈ ಕಂದು ಬಣ್ಣದ್ದು ಹಿಡಿ. ಕುಂಡೆಯಿಂದಲೇ ಉಸಿರಾಡೋ ಪ್ರಾಣಿ, ಅದರ ಮರ್ಯಾದೆ ಅಷ್ಟೇ!"

ಲೋಸಾ ಕಂದು ಬಣ್ಣದ್ದೊಂದನ್ನು ಎತ್ತಿಕೊಂಡಳು. ನಾಳಿನ ದೋಣಿಗೆ ಅವಳು ಆಪಿಯಾ ಪೇಟೆಯ ತವರಿಗೆ ಹೊರಟವಳು, ಮರಳುವ ಮನಸ್ಸಿರಲಿಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದ ಕೂಸು ಉಸಿರಾಡಲೇ ಇಲ್ಲ. ಅಂದಿನಿಂದ ತನ್ನ ಮೈಯೇ ಅವಳಿಗೆ ಹೇಸಿಗೆ. ಸ್ನಾನಕ್ಕೂ ಬಟ್ಟೆ ಬಿಚ್ಚಳು, ಗಂಡನನ್ನು ಹತ್ತಿರ ಸೇರಿಸಳು. ಕೊಯ್ದ ಹೊಟ್ಟೆ ಮತ್ತೆ ತುಂಬುವುದಿಲ್ಲವೆಂದು ಊರ ಹೆಂಗಸರು ಪಿಸುಗುಟ್ಟಿದ್ದೂ ಕಿವಿಗೆ ಬಿದ್ದಿತ್ತು. ಅತ್ತೆ ಮಾತ್ರ ಆ ಸುದ್ದಿ ಎತ್ತಿದವಳಲ್ಲ. "ಹೋಗೋ ಮುಂಚೆ ಒಂದು ಬೆಳಿಗ್ಗೆ ಬುಟ್ಟಿ ಹಿಡಿ ಬಾ," ಎಂದಷ್ಟೇ ಕರೆದಿದ್ದಳು.

"ಒಳಗೆ ಉದ್ದಕ್ಕೆ ಐದು ಮಾಂಸದ ಪಟ್ಟಿ ಇರ್ತವೆ. ನಕ್ಷತ್ರಮೀನಿನ ದಾಯಾದಿ ಅಲ್ವಾ, ಐದರ ಲೆಕ್ಕ ಬಿಡಲ್ಲ. ಎರಡು ಪಟ್ಟಿ ನಡುವೆ ಉದ್ದಕ್ಕೆ ಸೀಳು, ಚಿಕ್ಕದಾಗಿ. ತಿನ್ನೋಕೆ ಕರುಳು ತಗೊಂಡು ಪ್ರಾಣೀನ ನೀರಿಗೇ ಬಿಡೋದು," ಎಂದು ಫುವಾತಿನೊ ಚಾಕು ಚಾಚಿದಳು.

ಲೋಸಾ ಕಣ್ಣು ಮುಚ್ಚಿ ಚಾಕು ಎಳೆದಳು. ಲೋಳೆ, ಮರಳು, ಹಳದಿ ಕರುಳು ಎಲ್ಲ ಅಂಗೈಗೆ ಸುರಿಯಿತು. ಥೂ, ಆ ವಾಸನೆ!

"ಅಯ್ಯೋ, ಆ ಡಾಕ್ಟರ ಹಾಗೆ ಅಡ್ಡಕ್ಕೆ ಕೊಯ್ದೆಯಲ್ಲೇ!"

ಮಾತು ಅತ್ತೆಯ ಬಾಯಿಂದ ಜಾರಿತ್ತು. ಲೋಸಾ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. ಮುದುಕಿ ಅವಳ ಬೆನ್ನು ನೀವಿದಳು. ಆಮೇಲೆ ಬಗ್ಗಿ ಮರಳಲ್ಲಿ ತಡಕಾಡಿ ಇನ್ನೊಂದನ್ನು ಎತ್ತಿದಳು. ಅದರ ಮೈಮೇಲೆ ಬೆಳ್ಳನೆಯ ಗೆರೆಯೊಂದಿತ್ತು.

"ಇದು ನಾನು ಹಿಂದೆ ಕೊಯ್ದು ಬಿಟ್ಟಿದ್ದು. ಮುಟ್ಟಿ ನೋಡು. ಒಳಗೆಲ್ಲ ಮತ್ತೆ ತುಂಬಿದೆ."

ಲೋಸಾ ಮುಟ್ಟಿದಳು. ತಣ್ಣಗೆ, ಜಿಗುಟಾಗಿ, ಅಸಹ್ಯವಾಗಿತ್ತು. ಬೆರಳು ಮಾತ್ರ ಆ ಗೆರೆಯ ಉದ್ದಕ್ಕೂ ಹೋಗಿ ಬಂತು.

"ನಾನು ಕೊಯ್ದದ್ದು ಸಾಯುತ್ತಾ?"

"ಯಾರಿಗೆ ಗೊತ್ತು? ಕೆಲವು ವಾರ ಬಿಟ್ಟು ನೋಡಿದವರಿಗೆ ಗೊತ್ತಾಗುತ್ತೆ. ಎಸೀಬೇಡ, ಗಾಯ ಕೆಳಗೆ ಮಾಡಿ ಮಲಗಿಸು."

ಲೋಸಾ ಅದನ್ನು ಮಲಗಿಸಿ ಮೇಲೆ ಮರಳೆಳೆದಳು. ಸುತ್ತ ನೋಡಿ, ಪಕ್ಕದಲ್ಲಿ ಗುರುತಿಗೆ ಹವಳದ ತುಂಡೊಂದನ್ನು ನೆಟ್ಟಳು. ಫುವಾತಿನೊ ಕಂಡರೂ ಕಾಣದವಳಂತೆ, ಬುಟ್ಟಿಯಿಂದ ಒಂದು ಕರುಳೆತ್ತಿ ಉಪ್ಪುನೀರಲ್ಲಿ ಜಾಲಿಸಿ ಸೊರ್ರೆಂದು ಹೀರಿದಳು.

"ಥೂ, ಅತ್ತೆ!" ಎಂದಳು ಲೋಸಾ. ಆಮೇಲೆ ಹವಳದ ತುಂಡು ಅಲುಗಾಡದಂತೆ ಅದರ ಬುಡಕ್ಕೆ ಇನ್ನಷ್ಟು ಮರಳು ಒತ್ತಿದಳು.